ಅಳಿಸಲಾಗದ ಗುರುತು: ಬಾಗಲಕೋಟೆ ಸೀಮೆಯ ಹಚ್ಚೆ, ದಾಂಪತ್ಯ ಮತ್ತು ಸಭೆಯ ವಿವೇಕ

ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಕೀರ್ತಿವರ್ಮನ ಆಳ್ವಿಕೆಯ ಕಾಲದಲ್ಲಿ, ಕ್ರಿ.ಶ. 578ರಲ್ಲಿ, ಅವನ ತಮ್ಮ ಮಂಗಳೇಶನು ಬರೆಯಿಸಿದ ಶಾಸನ ಇಂದಿಗೂ ಉಳಿದಿದೆ. ಅಲ್ಲಿಂದ ಸ್ವಲ್ಪ ದೂರದ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಕನ್ನಡ ಬರಹವಿದೆ. ಬರೆದದ್ದು ಅಳಿಯಬಾರದೆಂಬ ಹಂಬಲ ಈ ನಾಡಿಗೆ ಹಳೆಯದು. ಕಲ್ಲಿನ ಮೇಲೆ ಬರೆಯಿಸಿದ ಅರಸರ ಹೆಸರುಗಳನ್ನು ನಾವು ಬಲ್ಲೆವು. ಅದೇ ಸೀಮೆಯಲ್ಲಿ ತಲೆಮಾರುಗಳ ಕಾಲ ತಮ್ಮ ಚರ್ಮದ ಮೇಲೆ ಬರೆಯಿಸಿಕೊಂಡ ಹೆಂಗಸರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ. ಅವರ ಶಾಸನ ಅವರೊಂದಿಗೇ ಮಣ್ಣಿಗೆ ಹೋಯಿತು.

ಈ ಮರೆತ ಬರಹದ ಚರಿತ್ರೆಯನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ಹೀಗೊಂದು ಸಂದರ್ಭವನ್ನು ಭಾವಿಸೋಣ. ಇಳಕಲ್ಲಿನಲ್ಲಿಯೋ ಬಾಗಲಕೋಟೆಯಲ್ಲಿಯೋ ವಾಸಿಸುವ ಯುವ ದಂಪತಿಗಳು ಸಭಾಪಾಲಕರ ಬಳಿಗೆ ಬರುತ್ತಾರೆ. ಹೆಂಡತಿಗೆ ಮುಂಗೈಯ ಮೇಲೆ, ಎಲ್ಲರಿಗೂ ಕಾಣುವಂತೆ, ಒಂದು ಶಿಲುಬೆಯ ಹಚ್ಚೆ ಹಾಕಿಸಿಕೊಳ್ಳುವ ಮನಸ್ಸಿದೆ. ಗಂಡನು ಬೇಡವೆನ್ನುತ್ತಾನೆ. ಅವಳು ಕೇಳುವುದು ಇಷ್ಟೇ: ಅವರ ಮನಸ್ಸಿಗೆ ವಿರುದ್ಧವಾಗಿ ನಾನು ಇದನ್ನು ಮಾಡಬಹುದೇ? ಯಾಜಕಕಾಂಡದ ಒಂದು ವಚನವನ್ನು ತೋರಿಸಿ ಅವರನ್ನು ಕಳುಹಿಸಿಬಿಡುವುದು ಸುಲಭ. ಆದರೆ ಹಾಗೆ ಮಾಡಿದ ಪಾಲಕನು ಆ ವಚನಕ್ಕೂ ಆ ದಂಪತಿಗಳಿಗೂ ನ್ಯಾಯ ಸಲ್ಲಿಸಿದಂತಾಗುವುದಿಲ್ಲ.

1. ಅಜ್ಜಿಯ ಕೈ

ಹಚ್ಚೆ ಎಂಬ ಮಾತು ಪಚ್ಚೆ, ಅಂದರೆ ಹಸಿರು ಎಂಬುದರಿಂದ ಬಂದದ್ದು. ಚರ್ಮದ ಕೆಳಗೆ ಇಳಿದ ಮಸಿ ಕಾಲಕ್ರಮದಲ್ಲಿ ಹಸಿರು ನೀಲಿಯಾಗಿ ಕಾಣುತ್ತದೆ. ತಮಿಳಿನಲ್ಲಿಯೂ ಈ ಕ್ರಿಯೆಗೆ ಹಸಿರನ್ನು ಚುಚ್ಚುವುದೆಂಬ ಅರ್ಥದ ಹೆಸರೇ ಇದೆ. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕುರಿತು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಏಳು ಸಂಪುಟಗಳಲ್ಲಿ ಕೊರವ ಸ್ತ್ರೀಯರು ಊರೂರು ತಿರುಗಿ ಹಚ್ಚೆ ಹಾಕುವ ವೃತ್ತಿಯವರೆಂದು ದಾಖಲಾಗಿದೆ. ಕೆಲವು ಸೂಜಿಗಳನ್ನು ಒಟ್ಟಿಗೆ ಕಟ್ಟಿ, ಮಸಿಯಲ್ಲಿ ಅದ್ದಿ, ಚುಕ್ಕೆ ಚುಕ್ಕೆಯಾಗಿ ಚುಚ್ಚುವುದು ಅವರ ಕ್ರಮ. ನೋವು ಮರೆಯಲೆಂದು ಹಾಡುತ್ತಿದ್ದರು, ಕೂಲಿಗೆ ಕಾಳುಕಡಿ ಪಡೆಯುತ್ತಿದ್ದರು.

ಇಳಕಲ್ ಸೀರೆಯನ್ನುಟ್ಟು ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟ ಅಜ್ಜಿಯರನ್ನು ಕಂಡವರಿಗೆ ಆ ಹಚ್ಚೆ ಎಲ್ಲಿರುತ್ತಿತ್ತೆಂದು ಹೇಳಬೇಕಾಗಿಲ್ಲ. ಕುಪ್ಪಸದ ತೋಳು ಮುಗಿಯುವಲ್ಲಿಂದ ಬಳೆ ಆರಂಭವಾಗುವವರೆಗಿನ ಬಯಲು ಅದರ ಸ್ಥಳ. ಹಣೆ, ಗಲ್ಲ, ಮುಂಗೈಗಳು ಅದರ ಇತರ ಸ್ಥಾನಗಳು. ಅದು ಮರೆಮಾಡುವ ವಸ್ತುವಾಗಿರಲಿಲ್ಲ. ಸತ್ತಾಗ ಚಿನ್ನ ಬೆಳ್ಳಿಗಳನ್ನು ಮಕ್ಕಳು ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುವ ಒಡವೆ ಎಂಬ ನಂಬಿಕೆ ಭಾರತದ ಅನೇಕ ಪ್ರಾಂತಗಳಲ್ಲಿತ್ತು. ಗಂಡನ ಹೆಸರನ್ನು ಬಾಯಿಂದ ಉಚ್ಚರಿಸಬಾರದೆಂಬ ನಿಯಮವಿದ್ದ ಕಾಲದಲ್ಲಿ ಉತ್ತರ ಕರ್ನಾಟಕದ ಹೆಂಗಸರು ಆ ಹೆಸರನ್ನು ಒಡಪಿನಲ್ಲಿ ಅಡಗಿಸಿ ಹೇಳುತ್ತಿದ್ದರು. ಕೆಲವರು ಅದನ್ನು ತೋಳಿನ ಮೇಲೆಯೇ ಬರೆಯಿಸಿಕೊಂಡರು.

ಇಲ್ಲಿ ಚರಿತ್ರೆಯು ನಮ್ಮ ಪ್ರಶ್ನೆಯನ್ನು ತಿರುವುಮುರುವು ಮಾಡುತ್ತದೆ. ಅಂದು ಹಚ್ಚೆಯಿಲ್ಲದ ಕೈಯುಳ್ಳ ಸೊಸೆಗೆ ಅತ್ತೆಯ ಮನೆಯಲ್ಲಿ ಕೊಂಕು ಮಾತು ಕೇಳಬೇಕಾಗುತ್ತಿತ್ತು. ಇಂದು ಹಚ್ಚೆಯುಳ್ಳ ಕೈಗೆ ಆಕ್ಷೇಪ ಬರುತ್ತದೆ. ಅಂದು ಹುಡುಗಿಯ ಕೈಯನ್ನು ಹಿಡಿದು ಚುಚ್ಚಿಸಿದವರು ಹಿರಿಯರು. ಇಂದು ಆ ಕೈಯನ್ನು ಹಿಡಿದು ಬೇಡವೆನ್ನುವವರೂ ಹಿರಿಯರು ಅಥವಾ ಗಂಡ. ಅಭಿರುಚಿ ಬದಲಾಗಿದೆ. ಅವಳ ದೇಹದ ವಿಷಯದಲ್ಲಿ ಕೊನೆಯ ಮಾತು ಯಾರದೆಂಬುದು ಬಹಳ ಮನೆಗಳಲ್ಲಿ ಬದಲಾಗಿಲ್ಲ. ಎಳೆಯ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿಸಿ ಎಲ್ಲಮ್ಮನಿಗೆ ಬಿಡುತ್ತಿದ್ದ ಪದ್ಧತಿಯನ್ನು ಈ ಸೀಮೆ ಕಂಡಿದೆ. ಅದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕವು 1982ರಲ್ಲಿ ರೂಪಿಸಿತು. ಒಬ್ಬಳ ಒಪ್ಪಿಗೆಯಿಲ್ಲದೆ ಅವಳ ದೇಹದ ಮೇಲೆ ಇಟ್ಟ ಗುರುತು ಎಂಥ ಭಾರವಾಗಬಲ್ಲದೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ.

2. ಗುಳೇದಗುಡ್ಡದ ದೀಕ್ಷಾಸ್ನಾನ

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡದಲ್ಲಿಯೂ ನೆಲೆ ಸ್ಥಾಪಿಸಿದರು. ಬಾದಾಮಿ ಸೀಮೆಯ ಪ್ರೊಟೆಸ್ಟೆಂಟ್ ಸಭೆಗಳ ಬೇರು ಅಲ್ಲಿದೆ. ಹೊಸ ಮತವನ್ನು ಸ್ವೀಕರಿಸಿದವರು ಹಳೆಯ ಗುರುತುಗಳನ್ನು ಬಿಡಬೇಕಾಗಿತ್ತು. ಇಷ್ಟಲಿಂಗವನ್ನು ಕೊರಳಿನಿಂದ ತೆಗೆಯಬಹುದು, ವಿಭೂತಿಯನ್ನು ಒರಸಬಹುದು. ಆದರೆ ಪ್ರಾಯಕ್ಕೆ ಬಂದ ಮೇಲೆ ದೀಕ್ಷಾಸ್ನಾನ ಹೊಂದಿದ ಹೆಂಗಸಿನ ಕೈಯ ಹಚ್ಚೆಯನ್ನು ಯಾವ ನೀರೂ ತೊಳೆಯಲಾರದು. ಬಾಲ್ಯದಲ್ಲಿ ಬರೆಯಿಸಿಕೊಂಡ ಚುಕ್ಕೆಗಳನ್ನು ಹೊತ್ತ ಆ ಕೈಯಿಂದಲೇ ಅವಳು ಕರ್ತನ ಭೋಜನದ ರೊಟ್ಟಿಯನ್ನು ತೆಗೆದುಕೊಳ್ಳಬೇಕಾಗಿತ್ತು.

ಈ ಸಂಗತಿಯಲ್ಲಿ ಒಂದು ದೈವಜ್ಞಾನವಿದೆ. ಕೃಪೆಯು ದೇಹದ ಪೂರ್ವಚರಿತ್ರೆಯನ್ನು ಅಳಿಸಿ ಹಾಕಿ ಬರುವುದಿಲ್ಲ, ಅದರೊಂದಿಗೇ ಮನುಷ್ಯನನ್ನು ಸ್ವೀಕರಿಸುತ್ತದೆ. ಪುನರುತ್ಥಾನ ಹೊಂದಿದ ಕರ್ತನ ಕೈಗಳಲ್ಲಿಯೂ ಗಾಯದ ಗುರುತುಗಳು ಉಳಿದಿದ್ದವೆಂದು ಯೋಹಾನನ ಸುವಾರ್ತೆ ತಿಳಿಸುತ್ತದೆ. ಆದ್ದರಿಂದ ಹಚ್ಚೆಯುಳ್ಳ ದೇಹವು ಅಶುದ್ಧವೆಂಬ ಮಾತನ್ನು ನಮ್ಮ ಸಭೆಗಳಲ್ಲಿ ಯಾರೂ ಹಗುರವಾಗಿ ಆಡಬಾರದು. ಹಾಗೆ ಆಡಿದರೆ ನಮ್ಮ ಮೊದಲ ವಿಶ್ವಾಸಿನಿಯರನ್ನೇ ಅವಮಾನಿಸಿದಂತಾದೀತು.

3. ವಚನಗಳ ಸಾಕ್ಷ್ಯ

ಯಾಜಕಕಾಂಡ 19:28 ಸತ್ತವರ ನಿಮಿತ್ತ ದೇಹವನ್ನು ಗಾಯಗೊಳಿಸಿಕೊಳ್ಳುವುದನ್ನೂ ಚರ್ಮದ ಮೇಲೆ ಬರಹ ಹಾಕಿಸಿಕೊಳ್ಳುವುದನ್ನೂ ನಿಷೇಧಿಸುತ್ತದೆ. ಸುತ್ತಲಿನ ಜನಾಂಗಗಳ ಶೋಕಾಚಾರಗಳಿಂದ ಇಸ್ರಾಯೇಲನ್ನು ಪ್ರತ್ಯೇಕಿಸುವುದು ಆ ವಚನದ ಸಂದರ್ಭವೆಂದು ವ್ಯಾಖ್ಯಾನಕಾರರಲ್ಲಿ ಅನೇಕರು ತಿಳಿಯುತ್ತಾರೆ. ಅದೇ ಅಧ್ಯಾಯದ 27ನೆಯ ವಚನ ಗಡ್ಡದ ಅಂಚನ್ನು ಕತ್ತರಿಸಬಾರದೆನ್ನುತ್ತದೆ, 19ನೆಯ ವಚನ ಎರಡು ಬಗೆಯ ನೂಲು ಬೆರೆತ ಬಟ್ಟೆಯನ್ನು ಬೇಡವೆನ್ನುತ್ತದೆ. ಇಳಕಲ್ ಸೀರೆಯ ಒಡಲು ಹತ್ತಿಯದಾದರೆ ಸೆರಗು ರೇಷ್ಮೆಯದು. ಎರಡನ್ನೂ ಕೊಂಡಿಗಳಂತೆ ಹೆಣೆದು ಒಂದಾಗಿಸುವುದೇ ಆ ನೇಯ್ಗೆಯ ವೈಶಿಷ್ಟ್ಯ. ಆ ಸೀರೆಯನ್ನುಟ್ಟು ಆರಾಧನೆಗೆ ಬರುವ ತಾಯಂದಿರನ್ನು ತಡೆಯದ ನಾವು 28ನೆಯ ವಚನವೊಂದನ್ನೇ ಎತ್ತಿ ಹಿಡಿಯುವುದಾದರೆ ಅದಕ್ಕೆ ಕಾರಣ ಕೊಡಬೇಕಾಗುತ್ತದೆ. ಆ ನಿಷೇಧದ ತಿರುಳು, ಅಂದರೆ ದೇಹವು ದೇವರಿಗೆ ಸೇರಿದ್ದು ಎಂಬ ಬೋಧನೆ, ಇಂದಿಗೂ ನಮ್ಮನ್ನು ಕಟ್ಟುತ್ತದೆ. ಅದರ ಅಕ್ಷರವನ್ನು ಒಬ್ಬರ ಬಾಯಿ ಮುಚ್ಚಿಸುವ ಆಯುಧವನ್ನಾಗಿ ಬಳಸಲಾಗದು.

ಇನ್ನೊಂದು ಕಡೆ ಯೆಶಾಯ 44:5ರಲ್ಲಿ ತಾನು ಕರ್ತನವನೆಂದು ಕೈಯ ಮೇಲೆ ಬರೆದುಕೊಳ್ಳುವವನ ಚಿತ್ರವಿದೆ. 49:16ರಲ್ಲಿ ದೇವರೇ ಚೀಯೋನನ್ನು ತನ್ನ ಅಂಗೈಗಳಲ್ಲಿ ಕೆತ್ತಿಕೊಂಡಿದ್ದಾನೆ. ಗಲಾತ್ಯ 6:17ರಲ್ಲಿ ಪೌಲನು ಯೇಸುವಿನ ಮುದ್ರೆಗಳನ್ನು ತನ್ನ ದೇಹದಲ್ಲಿ ಹೊತ್ತಿರುವೆನೆನ್ನುವಾಗ, ಅಲ್ಲಿ ಬಳಸಿದ ಗ್ರೀಕ್ ಪದವು ದಾಸರಿಗೆ ಹಾಕುತ್ತಿದ್ದ ಗುರುತನ್ನು ಸೂಚಿಸುತ್ತಿತ್ತು. ಅವನ ಗುರುತುಗಳಾದರೋ ಹಿಂಸೆಯ ಗಾಯಗಳು. ಪ್ರಕಟನೆಯ ಗ್ರಂಥದಲ್ಲಿ ಮೃಗದ ಗುರುತೂ ಇದೆ, ಕುರಿಮರಿಯ ಹೆಸರೂ ಇದೆ. ಗುರುತು ಯಾರದು, ಅದನ್ನು ಹೊತ್ತವನು ಯಾರಿಗೆ ಸೇರಿದವನು ಎಂಬುದೇ ಆ ಗ್ರಂಥದ ಪ್ರಶ್ನೆ.

ಸಭೆಯ ಚರಿತ್ರೆಯೂ ಹೀಗೆಯೇ ಎರಡು ದಾರಿಗಳಲ್ಲಿ ನಡೆದಿದೆ. 4ನೆಯ ಶತಮಾನದ ಆದಿಯಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಅಪರಾಧಿಗಳ ಮುಖದ ಮೇಲೆ ಗುರುತು ಹಾಕುವುದನ್ನು ನಿಷೇಧಿಸಿದನು. ಮುಖವು ಸ್ವರ್ಗೀಯ ಸೌಂದರ್ಯದ ಹೋಲಿಕೆಯಲ್ಲಿ ರೂಪುಗೊಂಡದ್ದೆಂಬುದು ಅವನು ಕೊಟ್ಟ ಕಾರಣ. ಗಾಜಾದ ಪ್ರೊಕೋಪಿಯನು ಯೆಶಾಯನನ್ನು ವ್ಯಾಖ್ಯಾನಿಸುವಾಗ, ಮಣಿಕಟ್ಟಿನ ಮೇಲೆ ಶಿಲುಬೆಯನ್ನೋ ಕ್ರಿಸ್ತನ ಹೆಸರನ್ನೋ ಬರೆಯಿಸಿಕೊಂಡ ಕ್ರೈಸ್ತರನ್ನು ಪ್ರಸ್ತಾಪಿಸುತ್ತಾನೆ. 8ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದ ಪೋಪರ ಪ್ರತಿನಿಧಿಗಳು ಅನ್ಯಮತದ ರೀತಿಯ ಹಚ್ಚೆಯನ್ನು ಖಂಡಿಸಿದರೂ ದೇವರ ನಿಮಿತ್ತ ಆ ನೋವನ್ನು ಸಹಿಸಿದವರ ವಿಷಯ ಬೇರೆಯೆಂದು ಒಪ್ಪಿದರು. ಈಜಿಪ್ಟಿನ ಕೋಪ್ಟಿಕ್ ವಿಶ್ವಾಸಿಗಳು ಇಂದಿಗೂ ಬಲಗೈಯ ಮಣಿಕಟ್ಟಿನಲ್ಲಿ ಸಣ್ಣ ಶಿಲುಬೆಯನ್ನು ಧರಿಸುತ್ತಾರೆ. ಅಲ್ಪಸಂಖ್ಯಾತರಾದ ಅವರಿಗೆ ಅದು ಅಡಗಿಸಲಾಗದ ಅರಿಕೆ. ಹೀಗಿರುವಾಗ ಶಿಲುಬೆಯ ಹಚ್ಚೆಯು ಸ್ವತಃ ಪಾಪವೆಂದು ಸಭೆಯು ಹೇಳಲಾರದು. ಅದು ವಿಶ್ವಾಸದ ಅಗತ್ಯವೆಂದೂ ಹೇಳಲಾರದು. ದೀಕ್ಷಾಸ್ನಾನದ ಗುರುತು ಕಣ್ಣಿಗೆ ಕಾಣದಿದ್ದರೂ ಅದಕ್ಕೆ ಮತ್ತೊಂದು ಮುದ್ರೆ ಬೇಕಾಗಿಲ್ಲ.

4. ಇಬ್ಬರ ದೇಹ

ಹಾಗಾದರೆ ಹಚ್ಚೆಯು ಸ್ವಾತಂತ್ರ್ಯದ ಕ್ಷೇತ್ರಕ್ಕೆ ಸೇರಿದ್ದು. ಇಲ್ಲಿಯೇ ಗಂಡನ ಆಕ್ಷೇಪದ ತೂಕವನ್ನು ಕಾಣಬೇಕು. 1 ಕೊರಿಂಥ 7:4ನ್ನು ಪೌಲನು ದಾಂಪತ್ಯದ ಸಹವಾಸದ ಕುರಿತು ಬರೆದನು. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರವಿದೆಯೆಂಬ ಮೊದಲರ್ಧವು ಅಂದಿನ ಲೋಕಕ್ಕೆ ಹೊಸದೇನೂ ಅಲ್ಲ. ಗಂಡನ ದೇಹದ ಮೇಲೆ ಹೆಂಡತಿಗೂ ಅದೇ ಅಧಿಕಾರವಿದೆಯೆಂಬ ಎರಡನೆಯ ಅರ್ಧ ಕೇಳುಗರನ್ನು ಬೆಚ್ಚಿಬೀಳಿಸಿರಬೇಕು. ನಮ್ಮ ಬೋಧನೆಯಲ್ಲಿ ಮೊದಲರ್ಧಕ್ಕೆ ಸಿಕ್ಕಷ್ಟು ಧ್ವನಿ ಎರಡನೆಯದಕ್ಕೆ ಸಿಕ್ಕಿಲ್ಲ. ಈ ವಚನವನ್ನು ಹಚ್ಚೆಯ ವಿಷಯಕ್ಕೆ ನೇರವಾಗಿ ಹಚ್ಚಿ ಗಂಡನಿಗೆ ತಡೆಯಾಜ್ಞೆಯ ಹಕ್ಕು ಕೊಡುವುದು ತಪ್ಪು. ಆದರೂ ಅದು ಒಂದು ಮಾತನ್ನು ಕಲಿಸುತ್ತದೆ: ವಿವಾಹದಲ್ಲಿ ದೇಹವು ಒಬ್ಬರ ಏಕಾಂತದ ಆಸ್ತಿಯಾಗಿ ಉಳಿಯುವುದಿಲ್ಲ, ಇನ್ನೊಬ್ಬರ ಆಸ್ತಿಯಾಗಿಯೂ ಮಾರ್ಪಡುವುದಿಲ್ಲ. ದಿನವೂ ತನ್ನ ಕಣ್ಣೆದುರಿಗಿರುವ ಕೈಯ ಕುರಿತು ಮಾತನಾಡಲು ಸಂಗಾತಿಗೆ ಹಕ್ಕಿದೆ. ಆ ಮಾತಿಗೆ ಕಿವಿಗೊಡುವುದು ಪ್ರೀತಿಯ ಸಾಲ. ಕೊನೆಯ ನಿರ್ಣಯವು ಆ ಕೈಯುಳ್ಳವಳ ಮನಸ್ಸಾಕ್ಷಿಯದು.

ಹುನಗುಂದ ಸೀಮೆಯ ಕೂಡಲಸಂಗಮದ ಸಂಪ್ರದಾಯದಲ್ಲಿ ಒಂದು ಪ್ರಸಂಗವಿದೆ. ಕಲ್ಯಾಣದಿಂದ ಸಂಗಮಕ್ಕೆ ಬಂದ ಬಸವಣ್ಣನವರು ನೀಲಾಂಬಿಕೆಯನ್ನು ಕರೆತರಲು ಹೇಳಿಕಳುಹಿಸಿದಾಗ, ಅಲ್ಲಿರುವ ಸಂಗಯ್ಯನು ಇಲ್ಲಿಲ್ಲವೇ ಎಂಬರ್ಥದ ಪ್ರಶ್ನೆಯನ್ನು ಅವಳು ಎತ್ತಿದಳಂತೆ. ಗಂಡನ ಕರೆಗೆ ಎದುರಾಗಿ ತನ್ನ ಅರಿವನ್ನು ನಿಲ್ಲಿಸಿದ ಆ ಹೆಂಗಸನ್ನು ಶರಣ ಪರಂಪರೆ ಅವಿಧೇಯಳೆಂದು ತಳ್ಳಲಿಲ್ಲ, ಗೌರವದಿಂದಲೇ ನೆನೆಯಿತು. ಭಿನ್ನಾಭಿಪ್ರಾಯದಿಂದ ದಾಂಪತ್ಯದ ಬಾಂಧವ್ಯ ಮುರಿಯಬೇಕಾಗಿಲ್ಲವೆಂದು ನಮ್ಮ ನೆರೆಯವರ ನೆನಪು ನಮಗೂ ಹೇಳುತ್ತದೆ.

ಆದ್ದರಿಂದ ಪಾಲಕನು ಮೊದಲು ಆಕ್ಷೇಪದ ಬೇರನ್ನು ಹುಡುಕಬೇಕು. ಗಂಡನಿಗೆ ಅದು ಮನಸ್ಸಾಕ್ಷಿಯ ನೋವೇ? ಹಾಗಿದ್ದರೆ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯ ಇಬ್ಬರಿಗೂ ಮಾತನಾಡುತ್ತದೆ. ಸ್ವತಂತ್ರಳಾದವಳು ಬಲಹೀನನ ನಿಮಿತ್ತ ತಡೆದುಕೊಳ್ಳಬಹುದು, ಆದರೆ ಬಲಹೀನನು ಅವಳಿಗೆ ತೀರ್ಪು ಮಾಡಬಾರದು. ತಡೆದುಕೊಳ್ಳುವಿಕೆ ಬಲವಂತದಿಂದ ಬಂದರೆ ಅದು ಪ್ರೀತಿಯ ಕಾಣಿಕೆಯಾಗದು. ಜನರೇನೆಂದಾರು ಎಂಬ ಭಯವೇ? ಹಾಗಿದ್ದರೆ ತನ್ನ ಅಜ್ಜಿಯ ಕೈಯನ್ನು ನೆನೆದುಕೊಳ್ಳಲು ಅವನಿಗೆ ಹೇಳಬಹುದು. ಕೆಲಸದ ಚಿಂತೆಯೇ? ಸೇನೆಯ ನೇಮಕಾತಿಯಂಥ ಕಡೆಗಳಲ್ಲಿ ಕಾಣುವ ಹಚ್ಚೆಗೆ ನಿಜವಾಗಿಯೂ ನಿಯಮಗಳಿವೆ, ಅವನ್ನು ಇಬ್ಬರೂ ಕುಳಿತು ಓದಲಿ. ಆರೋಗ್ಯದ ಚಿಂತೆಯೇ? ಜಾತ್ರೆಯ ಅಂಗಡಿಯಲ್ಲಿ ಒಬ್ಬರಿಂದೊಬ್ಬರಿಗೆ ಸಾಗುವ ಸೂಜಿ ಹೆಪಟೈಟಿಸ್ ಬಿ, ಎಚ್‌ಐವಿಯಂಥ ಸೋಂಕುಗಳನ್ನು ಹರಡಬಲ್ಲದು, ಆ ಆಕ್ಷೇಪ ನ್ಯಾಯವಾದದ್ದೇ. ಕೊನೆಗೆ, ನನ್ನವಳು ನಾನು ಹೇಳಿದಂತಿರಬೇಕು ಎಂಬುದೊಂದೇ ಬೇರಾಗಿದ್ದರೆ, ಅಲ್ಲಿ ತಿದ್ದಬೇಕಾದದ್ದು ಹಚ್ಚೆಯ ವಿಚಾರವನ್ನಲ್ಲ.

ಹೆಂಡತಿಗೂ ಕೇಳಬೇಕಾದ ಪ್ರಶ್ನೆಗಳಿವೆ. ಇದು ಅರಿಕೆಯೋ, ಅಲಂಕಾರವೋ, ಗಂಡನಿಗೆ ಕೊಡುವ ಉತ್ತರವೋ? ಅಲಂಕಾರ ಪಾಪವಲ್ಲ. ಆದರೆ ಜಗಳದ ಮಾತನ್ನು ಚರ್ಮದ ಮೇಲೆ ಬರೆಯಿಸಿಕೊಂಡರೆ ಜಗಳ ತೀರಿದ ಮೇಲೆಯೂ ಅದು ಅಲ್ಲಿಯೇ ಇರುತ್ತದೆ. ಶಿಲುಬೆಯನ್ನು ಗೆಲುವಿನ ಗುರುತಾಗಿ ಸಂಗಾತಿಯ ಎದುರಿಗೆ ಎತ್ತಿ ಹಿಡಿಯುವುದು ಶಿಲುಬೆಯ ಅರ್ಥಕ್ಕೇ ವಿರೋಧ. ಅವಳು ಒಂದು ವರ್ಷ ಕಾದರೆ ನಷ್ಟವೇನೂ ಇಲ್ಲ. ಆ ಅವಧಿಯಲ್ಲಿ ಗಂಡನು ಆಲಿಸುವುದನ್ನೂ ಕಲಿಯಬೇಕೆಂದು ಪಾಲಕನು ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಕಾಯುವ ಹೊರೆ ಒಬ್ಬಳ ಮೇಲೆಯೇ ಬಿದ್ದರೆ ಅದು ಹಳೆಯ ಕಥೆಯೇ. ಕಾದ ಮೇಲೆಯೂ ಅವಳ ಮನಸ್ಸು ನಿಂತಲ್ಲಿಯೇ ನಿಂತಿದ್ದರೆ, ಮುಚ್ಚುಮರೆಯಿಲ್ಲದೆ ಗಂಡನಿಗೆ ಮೊದಲೇ ತಿಳಿಸಿ ಅವಳು ಮುಂದುವರಿಯಬಹುದು. ಸಭೆಯು ಅವಳನ್ನು ಶಿಸ್ತಿಗೆ ಒಳಪಡಿಸಲು ಯಾವ ಆಧಾರವೂ ಇಲ್ಲ. ಗಂಡನ ನೋವನ್ನು ಹಗುರಮಾಡಿ ನಗುವುದಕ್ಕೂ ಆಧಾರವಿಲ್ಲ. ಗಂಡನೇ ಹಚ್ಚೆ ಬಯಸಿ ಹೆಂಡತಿ ಆಕ್ಷೇಪಿಸಿದರೂ ಇದೇ ಮಾತು ಸಲ್ಲಬೇಕು. ಎರಡು ಸಂದರ್ಭಗಳಲ್ಲಿ ನಮ್ಮ ಸಲಹೆ ಬೇರೆ ಬೇರೆಯಾಗಿದ್ದರೆ ನಾವು ವಚನವನ್ನು ಓದುತ್ತಿಲ್ಲ, ರೂಢಿಯನ್ನು ಓದುತ್ತಿದ್ದೇವೆ.

ಗುಳೇದಗುಡ್ಡದ ಮೊದಲ ವಿಶ್ವಾಸಿನಿಯರು ತಾವು ಆರಿಸದ ಗುರುತುಗಳನ್ನು ಹೊತ್ತು ಕರ್ತನ ಮೇಜಿಗೆ ಬಂದರು. ಅವರ ಮೊಮ್ಮಕ್ಕಳ ಮಕ್ಕಳು ತಾವೇ ಆರಿಸಿದ ಗುರುತಿನೊಂದಿಗೆ ಬರಬಹುದು, ಅಥವಾ ಆರಿಸದೆ ಬಿಟ್ಟ ಬರಿಗೈಯೊಂದಿಗೆ ಬರಬಹುದು. ರೊಟ್ಟಿಯನ್ನು ನೀಡುವ ನಾವು ನೋಡಬೇಕಾದದ್ದು ಆ ಕೈಯು ತೆರೆದಿದೆಯೇ ಎಂಬುದನ್ನು, ಅದರ ಪಕ್ಕದಲ್ಲಿ ಸಂಗಾತಿಯ ಕೈಯೂ ತೆರೆದಿದೆಯೇ ಎಂಬುದನ್ನು.