ಕರೆಂಟಿನ ಸೀಟು, ಅಜ್ಜಿಯ ಕೌದಿ

ಸಿಂಧನೂರಿನ ಕಾರಿಗೆ ಸೀಟ್ ಹೀಟರಾ ಅಂತ ನೀವು ನಗಬಹುದು. ನಾನೂ ನಕ್ಕಿದ್ದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ, ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಗಾಡಿಯ ರೆಕ್ಸಿನ್ ಮೇಲೆ ಕೂತರೆ ಹೀಟರ್ ಪುಕ್ಕಟೆ ಸಿಗುತ್ತದೆ.

ಆದರೆ ನನ್ನ ಸೋದರಮಾವನ ಹತ್ತಿರ ಇರೋದು ಹಳೇ ಸ್ಯಾನ್ ಸ್ಟಾರ್ಮ್. 1998ರಲ್ಲಿ ಬಂದ ನಮ್ಮ ದೇಶದ್ದೇ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಫೈಬರ್‌ಗ್ಲಾಸ್ ಮೈ, ರೆನೋದ 1.2 ಲೀಟರ್ ಎಂಜಿನ್, ತೆಗೆಯಬಹುದಾದ ಟಾಪ್. ನಮ್ಮೂರ ಬಿಸಿಲಲ್ಲಿ ಟಾಪ್ ತೆಗೆದು ಓಡಿಸೋಕೆ ಆಗೋದು ಡಿಸೆಂಬರ್, ಜನವರಿಯ ನಸುಕಿನಲ್ಲಿ ಮಾತ್ರ. ಕಾಲುವೆ ನೀರಿನ ನೆಲ್ಲಿನ ಗದ್ದೆ ದಾಟಿ, ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗಿ ಚಹಾ ಕುಡಿದು ಬರೋದು ಮಾವನ ಚಳಿಗಾಲದ ಚಟ. ಓಪನ್ ಗಾಡಿಯಲ್ಲಿ ಬ್ಲೋವರ್ ಹಾಕಿದರೆ ಬಿಸಿಗಾಳಿ ತಲುಪೋದು ಮಸ್ಕಿಯ ಅಶೋಕನ ಶಾಸನಕ್ಕೇ ಹೊರತು ನಮ್ಮ ಬೆನ್ನಿಗಲ್ಲ. “ಥಂಡಿಗೆ ಸೊಂಟ ಹಿಡಿತೈತಿ, ಸೀಟಿಗೆ ಏನರ ಹಾಕ್ಸಿ ಕೊಡೋ” ಅಂದರು. ಕಿಟ್ ಹುಡುಕೋಕೆ ಕೂತವನು ಅದರ ಇತಿಹಾಸಕ್ಕೆ ಬಿದ್ದೆ.

ಜನರಲ್ ಮೋಟರ್ಸ್‌ನ ರಾಬರ್ಟ್ ಬ್ಯಾಲಾರ್ಡ್ ಬಿಸಿ ಸೀಟಿನ ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1951ರಲ್ಲಿ, ಸಿಕ್ಕಿದ್ದು 1955ರಲ್ಲಿ. 1966ರ ಹೊತ್ತಿಗೆ ಅದೇ ಕಂಪನಿಯ ಕ್ಯಾಡಿಲ್ಯಾಕ್ ಕೊಳ್ಳುವವರು ಹೆಚ್ಚು ದುಡ್ಡು ಕೊಟ್ಟರೆ ಸಿಗುತ್ತಿತ್ತು. ಸ್ವೀಡನ್ನಿನ ಸಾಬ್ ಕಂಪನಿ 1972ರ ಮಾದರಿಗಳಲ್ಲಿ ಚಾಲಕನ ಸೀಟಿಗೆ ಅದನ್ನು ತಂದಿತು. ಅಲ್ಲಿಯ ಚಳಿಗೆ ಅದು ಶೋಕಿಯಲ್ಲ, ಅಗತ್ಯ.

ಈ ಕಥೆಯಲ್ಲಿ ಬೆಂಗಳೂರಿನ ಎಳೆಯೂ ಇದೆ. ಮೈನಿ ಗ್ರೂಪ್ ಜೊತೆ ಸೇರಿ 1994ರಲ್ಲಿ ರೇವಾ ಕಂಪನಿ ಶುರು ಮಾಡಿದ್ದು ಕ್ಯಾಲಿಫೋರ್ನಿಯಾದ ಅಮೆರಿಗಾನ್. ಆಮೇಲೆ ಅದು ಎಲೆಕ್ಟ್ರಿಕ್ ಕಾರು ಬಿಟ್ಟು ಸೀಟಿನ ಕೆಲಸ ಹಿಡಿಯಿತು. ಬಿಸಿ, ತಂಪು ಎರಡೂ ಕೊಡುವ ಅದರ ಸೀಟು 2000ದ ಲಿಂಕನ್ ನ್ಯಾವಿಗೇಟರ್‌ನಲ್ಲಿ ಬಂತು. ಫ್ರಾನ್ಸಿನ ಪೆಲ್ಟಿಯೆ 1834ರಲ್ಲಿ ಕಂಡದ್ದೇ ಅದರ ಗುಟ್ಟು: ಎರಡು ಬೇರೆ ಲೋಹ ಕೂಡುವ ಕಡೆ ಕರೆಂಟು ಒಂದು ದಿಕ್ಕಿಗೆ ಹರಿದರೆ ಬಿಸಿ, ತಿರುಗಿಸಿದರೆ ತಂಪು. ಕಾರಿನ ಗಾಳಿಯನ್ನೆಲ್ಲ ಕಾಯಿಸೋದು ದುಬಾರಿ. ಕೂತವರ ಮೈಯನ್ನಷ್ಟೇ ಕಾಯಿಸಿದರೆ ಸಾಕು ಅನ್ನೋದೇ ಇದರ ಲೆಕ್ಕ.

ಈ ಲೆಕ್ಕ ನಮ್ಮಜ್ಜಿಗೂ ಗೊತ್ತಿತ್ತು. ರಾತ್ರಿ ಬಂಡಿ ಕಟ್ಟಿ ಜಾತ್ರೆಗೆ ಹೊರಟರೆ ಕೆಳಗೆ ಹುಲ್ಲು, ಮೇಲೆ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ. ಬಂಡಿಯೂ ಓಪನ್ ಟಾಪೇ ಅಲ್ಲವಾ! ಒಂದೇ ವ್ಯತ್ಯಾಸ: ಕೌದಿ ನಮ್ಮ ಮೈಬಿಸಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ತಾನಾಗಿ ಸುಡೋದಿಲ್ಲ.

ಇಲ್ಲಿ ನನ್ನ ಕೈ ನಿಂತಿತು. ಮಾವನಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ. ಹೋದ ವರ್ಷ ಕಾಲಿಂದ ಚಪ್ಪಲಿ ಕಳಚಿದ್ದೇ ಗೊತ್ತಾಗದೆ ಬಸ್ ಸ್ಟ್ಯಾಂಡಿಂದ ಮನೆತನಕ ನಡೆದು ಬಂದಿದ್ದರು. ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು 1947ರಲ್ಲೇ ತೋರಿಸಿದ್ದಾರೆ: 44 ಡಿಗ್ರಿ ಬಿಸಿ ಸುಮಾರು 6 ಗಂಟೆ ತಾಗುತ್ತಲೇ ಇದ್ದರೆ ಚರ್ಮ ಸುಡುತ್ತದೆ. ಅಲ್ಲಿಂದ ಮೇಲೆ 51ರವರೆಗೆ, ಒಂದೊಂದು ಡಿಗ್ರಿಗೂ ಆ ಅವಧಿ ಹೆಚ್ಚುಕಮ್ಮಿ ಅರ್ಧವಾಗುತ್ತಾ ಹೋಗುತ್ತದೆ. ಬಿಸಿ ಜಾಸ್ತಿಯಾದರೆ ನೀವು, ನಾನು ಮೈ ಸರಿಸಿ ಕೂರುತ್ತೇವೆ. ಬಿಸಿ ಗೊತ್ತೇ ಆಗದವರು ಯಾಕೆ ಸರಿಸುತ್ತಾರೆ? ಡಾಕ್ಟರನ್ನು ಕೇಳಿದೆ. “ಅವರ ಸೀಟಿಗೆ ಬೇಡ” ಅಂದರು.

ಹಳೇ ಕಾರಾದ್ದರಿಂದ ಕೆಲಸ ಸಲೀಸು. ಸೀಟಿನೊಳಗೆ ಏರ್‌ಬ್ಯಾಗೂ ಇಲ್ಲ, ಸೆನ್ಸರೂ ಇಲ್ಲ. ಕುಶನ್ ಅಂಗಡಿಯಲ್ಲಿ ಕವರ್ ಬಿಚ್ಚಿಸಿ, ಫೋಮ್ ಮೇಲೆ ಎರಡು ಪ್ಯಾಡ್ ಅಂಟಿಸಿದೆವು: ಕೂರೋಕೊಂದು, ಬೆನ್ನಿಗೊಂದು. ಥರ್ಮೋಸ್ಟಾಟ್ ಇರುವ ಕಿಟ್ಟೇ ಬೇಕು ಅಂತ ಹಠ ಹಿಡಿದಿದ್ದೆ. ಎರಡೂ ಸೇರಿ 12 ವೋಲ್ಟ್‌ನಲ್ಲಿ 4-5 ಆಂಪಿಯರ್ ಎಳೆಯುತ್ತವೆ. ಅದಕ್ಕೇ ಬೇರೆ ಫ್ಯೂಸ್, ರಿಲೇ ಹಾಕಿ, ಚಾವಿ ತೆಗೆದರೆ ತಾನೇ ಆಫ್ ಆಗುವ ಹಾಗೆ ವೈರ್ ಕೊಟ್ಟೆವು. ಇಲ್ಲದಿದ್ದರೆ ಬೆಳಗಾಗೋದರಲ್ಲಿ ಬ್ಯಾಟರಿ ಢಂ. ಇದೆಲ್ಲ ಪಕ್ಕದ ಸೀಟಿಗೆ ಮಾತ್ರ. ಮಾವನ ಸೀಟಿಗೆ ಅಜ್ಜಿಯ ಕೌದಿ ಮಡಚಿ, ಜಾರಿ ಪೆಡಲ್ ಕೆಳಗೆ ಹೋಗದಂತೆ ಕಟ್ಟಿದೆ. ಕೌದಿಯನ್ನು ಹೀಟರ್ ಸೀಟಿನ ಮೇಲೆ ಮಾತ್ರ ಹಾಸಬಾರದು, ಬಿಸಿ ಒಳಗೇ ಉಳಿದುಬಿಡುತ್ತದೆ.

“ನಿಮ್ಮತ್ತಿಗೆ ಕರೆಂಟು, ನನಗ ಕೌದಿ ಏನೋ?” ಅಂತ ಮಾವ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಚಪ್ಪಲಿಯ ವಿಷಯ ಎತ್ತಿದ್ದು ಅತ್ತಿ. ಆಮೇಲೆ ಮಾತಾಡಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಇಬ್ಬರೂ ಹೊರಟರು. ಎರಡೇ ಸೀಟಲ್ಲವಾ, ನಾನು ಹಿಂದೆ ಬೈಕಿನಲ್ಲಿ ನಡುಗುತ್ತಾ ಹೋದೆ. ಲಿಂಗಸುಗೂರಲ್ಲಿ ಇಳಿದ ಮೇಲೆ ಮಾವ ಅತ್ತಿಯ ಸೀಟಿನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟರು. “ಬೆಚ್ಚಗೈತೇನ?” ಅಂತ ನನ್ನನ್ನು ಕೇಳಿದರು. ನಾನೂ ಕೈಯಿಟ್ಟು ನೋಡಿ ಹೇಳಿದೆ, “ಐತಿ, ಮಾವ.”