ಯಾವ ಉಷ್ಣಾಂಶದ ಲೀಟರ್?

ತೂಕವನ್ನು ಸಾಂದ್ರತೆಯಿಂದ ಭಾಗಿಸಿದರೆ ಗಾತ್ರ. ಶಾಲೆಯಲ್ಲಿ ಕಲಿತ ಈ ಸೂತ್ರ ಸಾವಿರ ವರ್ಷಗಳಲ್ಲಿ ಬದಲಾಗಿಲ್ಲ. ಬದಲಾಗುತ್ತ ಬಂದದ್ದು ಭಾಗಿಸುವ ಆ ಒಂದು ಸಂಖ್ಯೆಯನ್ನು ಎಲ್ಲಿಂದ ತರಬೇಕು, ಎಷ್ಟರಮಟ್ಟಿಗೆ ನಂಬಬೇಕು ಎಂಬ ತಿಳಿವಳಿಕೆ.

ಆರ್ಕಿಮಿಡೀಸನ ಕಿರೀಟದ ಕಥೆ ಎಲ್ಲರಿಗೂ ಗೊತ್ತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಹೆಜ್ಜೆ ಇಟ್ಟವನು ಹನ್ನೊಂದನೇ ಶತಮಾನದ ಅಲ್‌-ಬಿರೂನಿ, ಭಾರತದ ಬಗ್ಗೆ ಗ್ರಂಥ ಬರೆದ ಅದೇ ಪಂಡಿತ. ಕಿರಿದಾದ ಕುತ್ತಿಗೆಯ ಪಾತ್ರೆಗೆ ಪಕ್ಕದಲ್ಲೊಂದು ಕೊಳವೆ ಇಟ್ಟು, ಕೊಳವೆಯ ಮಟ್ಟದವರೆಗೆ ನೀರು ತುಂಬಿಸುತ್ತಿದ್ದ. ಲೋಹವನ್ನೋ ರತ್ನವನ್ನೋ ಒಳಗೆ ಬಿಟ್ಟಾಗ ಹೊರಚೆಲ್ಲಿದ ನೀರನ್ನು ಹಿಡಿದು ತೂಗುತ್ತಿದ್ದ. ಹರಳಿನ ಗಾತ್ರವನ್ನು ನೇರವಾಗಿ ಅಳೆಯುವ ಗೋಜಿಗೇ ಹೋಗದೆ, ನೀರಿನ ತೂಕದಿಂದಲೇ ಅದನ್ನು ಹಿಡಿದ ಉಪಾಯ ಇದು. ಅವನು ಕೊಟ್ಟ ಅಂಕಿಗಳನ್ನು ಅಲ್‌-ಖಾಜಿನಿ 1121ರ ತನ್ನ ತಕ್ಕಡಿ ಗ್ರಂಥದಲ್ಲಿ ಉಳಿಸಿಕೊಟ್ಟ.

ನೀರೇ ಅಳತೆಗೋಲಾದ ಮೇಲೆ, ಎಷ್ಟು ಬಿಸಿಯ ನೀರು ಎಂದು ಕೇಳಲೇಬೇಕಾಯಿತು. 1795ರಲ್ಲಿ ಫ್ರಾನ್ಸ್ ಗ್ರಾಮನ್ನು ಕರಗುವ ಮಂಜಿನ ಉಷ್ಣಾಂಶದ ಒಂದು ಘನ ಸೆಂಟಿಮೀಟರ್ ನೀರಿನ ತೂಕವೆಂದು ಗೊತ್ತುಮಾಡಿತು. ನೀರು ಅತ್ಯಂತ ಸಾಂದ್ರವಾಗಿರುವುದು ಸುಮಾರು 4 ಡಿಗ್ರಿಯಲ್ಲಿ ಎಂಬುದು ಖಚಿತವಾದಾಗ, 1799ರ ಕಿಲೋಗ್ರಾಂ ಅದನ್ನೇ ಆಧಾರವಾಗಿ ಹಿಡಿಯಿತು. 1901ರಲ್ಲಿ ಲೀಟರನ್ನೂ ಒಂದು ಕಿಲೋ ನೀರು ಆಕ್ರಮಿಸುವ ಗಾತ್ರವೆಂದು ವ್ಯಾಖ್ಯಾನಿಸಿದರು. ಆದರೆ ಆ ಲೀಟರು ಸಾವಿರ ಘನ ಸೆಂಟಿಮೀಟರಿಗಿಂತ ಹತ್ತು ಲಕ್ಷಕ್ಕೆ 28 ಪಾಲು ದೊಡ್ಡದಿತ್ತು. 1964ರಲ್ಲಿ ಆ ವ್ಯಾಖ್ಯೆಯನ್ನು ಕೈಬಿಟ್ಟರು. ಅಲ್ಲಿಗೆ ಗಾತ್ರವು ತೂಕದ ಹಂಗಿನಿಂದ ಬಿಡುಗಡೆಯಾಯಿತು.

ಪ್ರಯೋಗಾಲಯ ಹೀಗೆ ಸೂಕ್ಷ್ಮವಾಗುತ್ತಿದ್ದರೂ ದಿನಬಳಕೆಯಲ್ಲಿ ತಪ್ಪು ನಿಲ್ಲಲಿಲ್ಲ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ 22,300 ಕಿಲೋ ಇಂಧನ ಬೇಕಿತ್ತು. ಟ್ಯಾಂಕಿನಲ್ಲಿದ್ದದ್ದು 7,682 ಲೀಟರ್. ಲೀಟರಿಗೆ ಸುಮಾರು 0.8 ಕಿಲೋ ಎಂದು ಗುಣಿಸಬೇಕಿದ್ದ ಕಡೆ 1.77 ಬಳಕೆಯಾಯಿತು. ಅದು ಪೌಂಡಿನ ಅಂಕಿ. ಹೆಚ್ಚುವರಿಯಾಗಿ 20,000 ಲೀಟರ್ ತುಂಬಬೇಕಾದಲ್ಲಿ 5,000 ಲೀಟರ್ ಕೂಡ ತುಂಬಲಿಲ್ಲ. 41,000 ಅಡಿ ಎತ್ತರದಲ್ಲಿ ಇಂಧನ ಬರಿದಾಯಿತು. ಪೈಲಟ್‌ಗಳು ವಿಮಾನವನ್ನು ತೇಲಿಸಿಕೊಂಡೇ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು, ಪ್ರಾಣಹಾನಿಯಾಗಲಿಲ್ಲ. ಭಾಗಾಕಾರ, ಗುಣಾಕಾರ ಎಲ್ಲ ಸರಿಯಿತ್ತು. ಸಾಂದ್ರತೆಯ ಏಕಮಾನವನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಉಷ್ಣಾಂಶವನ್ನು ಗಮನಿಸದಿದ್ದರೆ ಆಗುವ ನಷ್ಟ ಇಷ್ಟು ಸದ್ದು ಮಾಡುವುದಿಲ್ಲ. ಪೆಟ್ರೋಲ್ ಒಂದು ಡಿಗ್ರಿ ಬಿಸಿಯಾದರೆ ಹೆಚ್ಚುಕಡಿಮೆ ಸಾವಿರಕ್ಕೆ ಒಂದು ಪಾಲು ಹಿಗ್ಗುತ್ತದೆ. 12,000 ಲೀಟರಿನ ಟ್ಯಾಂಕರ್ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 120 ಲೀಟರ್ ಹೆಚ್ಚಿದಂತೆ ಕಾಣುತ್ತದೆ, ತೂಕ ಒಂದು ಗ್ರಾಮೂ ಏರಿರುವುದಿಲ್ಲ. ಅದಕ್ಕೇ ಬಂಕ್‌ಗಳಲ್ಲಿ ಹೈಡ್ರೋಮೀಟರ್ ಜೊತೆ ಥರ್ಮಾಮೀಟರನ್ನೂ ಇಳಿಸಿ, ಬಂದ ಸಾಂದ್ರತೆಯನ್ನು ಕೋಷ್ಟಕ ನೋಡಿ 15 ಡಿಗ್ರಿಗೆ ಇಳಿಸುತ್ತಾರೆ. ಅಡುಗೆ ಎಣ್ಣೆಗೆ ಈ ಎಚ್ಚರ ಬಂದದ್ದು ತಡವಾಗಿ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಸುಮಾರು 919 ಗ್ರಾಂ ತೂಗುತ್ತದೆ, 60 ಡಿಗ್ರಿಯಲ್ಲಿ 893. ಪೊಟ್ಟಣದ ಮೇಲೆ ‘60 ಡಿಗ್ರಿಯಲ್ಲಿ ಒಂದು ಲೀಟರ್’ ಎಂದು ಮುದ್ರಿಸಿದರೆ ಗ್ರಾಹಕನಿಗೆ ಸುಮಾರು 26 ಗ್ರಾಂ ಖೋತಾ. ಉಷ್ಣಾಂಶದ ಈ ಉಲ್ಲೇಖ ಬಿಟ್ಟು, ಗಾತ್ರದ ಜೊತೆ ತೂಕವನ್ನೂ ನಮೂದಿಸಿ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಕಂಪನಿಗಳಿಗೆ ಸೂಚಿಸಿತು. ಸರಿಯಾದ ಕ್ರಮ, ಇನ್ನೂ ಮುಂಚೆ ಬರಬೇಕಿತ್ತು.

ಹಾಲಿನ ಕಥೆ ಬೇರೆ. ನೀರು ಬೆರೆಸಿದರೆ ಸಾಂದ್ರತೆ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಹದವಾಗಿ ಮಾಡಿದವನ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. 1890ರ ಹೊತ್ತಿಗೆ ಬ್ಯಾಬ್‌ಕಾಕ್ ಮತ್ತು ಗರ್ಬರ್ ರೂಪಿಸಿದ ಕೊಬ್ಬಿನ ಪರೀಕ್ಷೆಗಳು ಬಂದ ಮೇಲೆಯೇ ಈ ಬಾಗಿಲು ಮುಚ್ಚಿದ್ದು.

ಇಷ್ಟಾದರೂ ದ್ರವಗಳ ಲೆಕ್ಕ ಒಂದು ಹದಕ್ಕೆ ಬಂದಿದೆ. ಕಾಳು, ಪುಡಿ, ಮರಳಿನ ಲೆಕ್ಕ ಬಂದಿಲ್ಲ, ಏಕೆಂದರೆ ಅವುಗಳ ಗಾತ್ರದಲ್ಲಿ ನಡುವಿನ ಗಾಳಿಯ ಪಾಲೂ ಇದೆ. ಕುಲುಕಿ ತುಂಬಿದ ಸೇರಿಗೂ ಹಗುರಾಗಿ ಸುರಿದ ಸೇರಿಗೂ ತೂಕ ಒಂದಲ್ಲ. 50 ಕಿಲೋ ಸಿಮೆಂಟ್ ಚೀಲವನ್ನು 35 ಲೀಟರ್ ಎಂದು ಹಿಡಿಯುವುದು ವಾಡಿಕೆ, ಘನ ಮೀಟರಿಗೆ 1,440 ಕಿಲೋ ಲೆಕ್ಕದಲ್ಲಿ. ಮರಳು ಇನ್ನೂ ಕಷ್ಟ: ಐದಾರು ಶೇಕಡಾ ತೇವವಿದ್ದರೆ ಕಣಗಳ ಮೇಲಿನ ನೀರಿನ ಪೊರೆ ಅವನ್ನು ದೂರ ತಳ್ಳಿ, ರಾಶಿ ಶೇಕಡಾ 20–30ರಷ್ಟು ಉಬ್ಬುತ್ತದೆ. ಕಾಂಕ್ರೀಟಿಗೆ ಬಾಂಡ್ಲಿ ಲೆಕ್ಕದಲ್ಲಿ ಮರಳು ಹಾಕುವ ಕಡೆ ಇದರಿಂದ ಮರಳು ಕಡಿಮೆ ಬೀಳುತ್ತದೆ. ತೂಗಿ ಹಾಕುವುದೇ ಲೇಸು. ತಕ್ಕಡಿ ಇಲ್ಲದಿದ್ದರೆ ಅಳತೆ ಜಾಡಿಯಲ್ಲಿ 200 ಮಿಲಿಲೀಟರ್ ತೇವದ ಮರಳು ತುಂಬಿ, ನೀರು ಹೊಯ್ದು, ಕದಡಿ ಬಿಡಬೇಕು. ಪೂರ್ತಿ ನೆನೆದ ಮರಳು ಒಣಮರಳಿನ ಗಾತ್ರಕ್ಕೇ ಮರಳುತ್ತದೆ. ಅದು 160ಕ್ಕೆ ಕುಸಿದರೆ ಉಬ್ಬು ಶೇಕಡಾ 25 ಎಂದರ್ಥ, ಪ್ರತಿ ನಾಲ್ಕು ಬಾಂಡ್ಲಿಗೆ ಇನ್ನೊಂದು ಸೇರಿಸಬೇಕು.