ಕೈಗವಸಿನ ಪುಡಿ, ಹೊಟ್ಟೆಯೊಳಗಿನ ಅಂಟು

1/7
ಫೋಟೋದಲ್ಲಿರೋದು ಬರೀ ಒಂದು ಜೊತೆ ರಬ್ಬರ್ ಗ್ಲೌಸ್. ಆದ್ರೂ ಸ್ವಲ್ಪ ನಿಂತು ಓದಿ. ಹುಡುಗರೇ, ನೀವೂ ಓದಿ.

ಹೋದ ತಿಂಗಳು ನನ್ನ ದೊಡ್ಡಮ್ಮನ ಮಗಳಿಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಇದೆ ಅಂತ ಸ್ಕ್ಯಾನಲ್ಲಿ ಗೊತ್ತಾಯ್ತು. (ಅಕ್ಕನನ್ನ ಕೇಳಿಯೇ ಬರೀತಿದ್ದೀನಿ.) ಫೈಬ್ರಾಯ್ಡ್ ಅಂದ್ರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯೋ ಗಡ್ಡೆ, ಕ್ಯಾನ್ಸರ್ ಅಲ್ಲ. ಎಷ್ಟೋ ಜನಕ್ಕೆ ತೊಂದರೆಯನ್ನೇ ಕೊಡಲ್ಲ. ಅಕ್ಕನಿಗೆ ಕೊಡ್ತಿತ್ತು. ಮನೆಯಲ್ಲಿ ಎರಡು ಪಕ್ಷ ಆಯ್ತು. ಒಂದು, "ಗರ್ಭಕೋಶಾನೇ ತೆಗೆಸಿಬಿಡು, ಕಾಟ ತಪ್ಪುತ್ತೆ." ಇನ್ನೊಂದು, "ಗಡ್ಡೆ ಮಾತ್ರ ತೆಗೆಸು, ಅಲ್ಲಿಗೆ ಮುಗೀತು."

ಅಲ್ಲಿಗೆ ಮುಗಿಯುತ್ತಾ? ಈ ಪ್ರಶ್ನೆಗೂ ಒಂದು ಇತಿಹಾಸ ಇದೆ.

2/7
ಇಪ್ಪತ್ತನೇ ಶತಮಾನದ ಆರಂಭದ ಲಂಡನ್ನಿಗೆ ಬನ್ನಿ. ಆಗ ಕಾಟ ಕೊಡೋ ಫೈಬ್ರಾಯ್ಡ್‌ಗೆ ಸರ್ಜನ್‌ಗಳ ಸಾಮಾನ್ಯ ಉತ್ತರ ಗರ್ಭಕೋಶ ತೆಗೆಯೋದು. ಗಡ್ಡೆ ಮಾತ್ರ ಬಿಡಿಸಿ ತೆಗೆಯೋಕೆ ಹೋದ್ರೆ ರಕ್ತ ವಿಪರೀತ ಹೋಗೋ ಭಯ. ವಿಕ್ಟರ್ ಬಾನಿ ಅನ್ನೋ ಸರ್ಜನ್ ಪತ್ನಿ ಆನಿಗೂ ಫೈಬ್ರಾಯ್ಡ್‌ಗಾಗಿ ಗರ್ಭಕೋಶ ತೆಗೆಯಬೇಕಾಯ್ತು. ಅವರಿಗೆ ಮಕ್ಕಳಾಗಲಿಲ್ಲ.

ಮುಂದೆ ಇದೇ ಬಾನಿ ಗರ್ಭಕೋಶ ಉಳಿಸಿ ಗಡ್ಡೆ ಮಾತ್ರ ತೆಗೆಯೋ ಆಪರೇಷನ್‌ನ, ಅಂದ್ರೆ ಮಯೋಮೆಕ್ಟಮಿಯ, ದೊಡ್ಡ ವಕೀಲರಾದರು. ಗರ್ಭಕೋಶಕ್ಕೆ ಬರೋ ರಕ್ತನಾಳಗಳನ್ನ ಆಪರೇಷನ್ ಮುಗಿಯೋವರೆಗೆ ಒತ್ತಿ ಹಿಡಿಯೋಕೆ ಒಂದು ಕ್ಲ್ಯಾಂಪ್ ಮಾಡಿಸಿದರು. ಅದನ್ನ ಇವತ್ತಿಗೂ ಬಾನಿ ಕ್ಲ್ಯಾಂಪ್ ಅಂತಾನೇ ಕರೀತಾರೆ.

ರಕ್ತ ನಿಂತಿತು, ಗರ್ಭಕೋಶ ಉಳೀತು. ಆದ್ರೆ ಹೊಲಿಗೆ ಹಾಕಿದ ಜಾಗ?

3/7
ಹಬ್ಬಕ್ಕೆ ಕಿಟಕಿಗೆ ಬಣ್ಣ ಹೊಡೆದು, ಒಣಗೋ ಮುಂಚೆ ಮುಚ್ಚಿದ್ರೆ ಏನಾಗುತ್ತೆ? ಬಾಗಿಲು ಚೌಕಟ್ಟಿಗೆ ಅಂಟಿಕೊಂಡುಬಿಡುತ್ತೆ. ಹೊಟ್ಟೆಯೊಳಗೂ ಹಾಗೇ ಆಗುತ್ತೆ. ಅಲ್ಲಿನ ಅಂಗಗಳ ಮೇಲೆ ಪೆರಿಟೋನಿಯಂ ಅನ್ನೋ ನುಣುಪಾದ ಪೊರೆ ಇದೆ. ಅದರಿಂದಲೇ ಕರುಳು, ಗರ್ಭಕೋಶ, ಅಂಡನಾಳ ಒಂದರ ಮೇಲೊಂದು ಜಾರಿಕೊಂಡು ಇರ್ತವೆ. ಪೊರೆಗೆ ಗಾಯವಾದ್ರೆ ಫೈಬ್ರಿನ್ ಅನ್ನೋ ಅಂಟು ಪದಾರ್ಥ ಬಂದು ಕೂರುತ್ತೆ. ಸಾಮಾನ್ಯವಾಗಿ ದೇಹವೇ ಅದನ್ನ ಕರಗಿಸುತ್ತೆ, ಸುಮಾರು ಒಂದು ವಾರದಲ್ಲಿ ಪೊರೆ ಮತ್ತೆ ಬೆಳೆಯುತ್ತೆ. ಅಲ್ಲಿ ರಕ್ತ ನಿಂತಿದ್ರೆ, ಅಂಗಾಂಶಕ್ಕೆ ರಕ್ತ ಸಿಗದಿದ್ರೆ, ಸೋಂಕಾದ್ರೆ, ಅಥವಾ ಹೊರಗಿನ ಕಣ ಬಿದ್ದಿದ್ರೆ ಆ ಅಂಟು ಕರಗಲ್ಲ. ಗಟ್ಟಿಯಾಗಿ ಎರಡು ಅಂಗಗಳನ್ನ ಕಟ್ಟಿಹಾಕುತ್ತೆ. ಇದೇ ಅಡ್ಹೀಷನ್.

ಕೆಲವರಿಗೆ ಏನೂ ಗೊತ್ತಾಗಲ್ಲ. ಇನ್ನು ಕೆಲವರಿಗೆ ನೋವು, ಕರುಳು ಕಟ್ಟಿಕೊಳ್ಳೋದು, ಅಂಡನಾಳ ತಿರುಚಿ ಮಕ್ಕಳಾಗದೇ ಇರೋದು. ಮಕ್ಕಳಾಗಲಿ ಅಂತಲೇ ಗರ್ಭಕೋಶ ಉಳಿಸಿಕೊಂಡವಳಿಗೆ, ಉಳಿಸಿದ ಆಪರೇಷನ್ನೇ ಅಡ್ಡ ಬಂದ ಹಾಗೆ.

4/7
ಬಾನಿಗೆ ಇದು ಗೊತ್ತಿತ್ತು. ಗರ್ಭಕೋಶದ ಹಿಂಭಾಗದಲ್ಲಿ ಹೊಲಿಗೆ ಬಿದ್ರೆ ಕರುಳು ಬಂದು ಅಂಟೋ ಸಾಧ್ಯತೆ ಜಾಸ್ತಿ. ಅದಕ್ಕೆ ಅವರು ಹಿಂಭಾಗದ ಗಡ್ಡೆ ತೆಗೆದ ಮೇಲೆ ಉಳಿದ ಗೋಡೆಯನ್ನ ಟೋಪಿ ಥರ ಮೇಲಿಂದ ಮುಂದಕ್ಕೆ ಎಳೆದು, ಹೊಲಿಗೆ ಮುಂಭಾಗದಲ್ಲೇ ಬರೋ ಹಾಗೆ ಮಾಡಿದರು. ಹೆಸರು ಬಾನಿ ಹುಡ್.

ಎಷ್ಟೋ ವರ್ಷದ ನಂತರ, 1993ರಲ್ಲಿ, ಮಯೋಮೆಕ್ಟಮಿ ಆದವರ ಹೊಟ್ಟೆಯೊಳಗೆ ಮತ್ತೆ ಕ್ಯಾಮೆರಾ ಇಟ್ಟು ನೋಡಿದ ಒಂದು ಸಣ್ಣ ಅಧ್ಯಯನ ಬಂತು. ಹಿಂಭಾಗದಲ್ಲಿ ಕೊಯ್ದವರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಜನಕ್ಕೆ ಅಂಟು. ಮುಂದೆ ಅಥವಾ ಮೇಲೆ ಕೊಯ್ದವರಲ್ಲಿ ಸುಮಾರು 55. ಬಾನಿ ಅಂದಾಜು ಸರಿಯಿತ್ತು.

5/7
ಈಗ ಫೋಟೋಗೆ ಬರೋಣ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ, 1889-90ರ ಚಳಿಗಾಲ. ಕ್ಯಾರೊಲಿನ್ ಹ್ಯಾಂಪ್ಟನ್ ಅನ್ನೋ ನರ್ಸ್ ಕೈ, ಕ್ರಿಮಿನಾಶಕ ದ್ರಾವಣದಿಂದ ಸುಟ್ಟು ಬಿರಿದುಹೋಗಿತ್ತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಅವಳಿಗಾಗಿ ಗುಡ್‌ಇಯರ್ ರಬ್ಬರ್ ಕಂಪನಿಯಿಂದ ತೆಳು ಗ್ಲೌಸ್ ಮಾಡಿಸಿದ್ರು. (1890ರಲ್ಲಿ ಇಬ್ಬರೂ ಮದುವೆಯಾದ್ರು. ಹೌದು, ರೀಲ್ಸ್‌ಗೆ ಬರೋದು ಈ ಭಾಗ ಮಾತ್ರ.)

ಮುಂದೆ ಗ್ಲೌಸ್ ಎಲ್ಲ ಕಡೆ ಬಂತು. ರಬ್ಬರ್ ಕೈಗೆ ಸಲೀಸಾಗಿ ಹೋಗಲಿ ಅಂತ ಟ್ಯಾಲ್ಕ್ ಪುಡಿ ಹಾಕ್ತಿದ್ರು. ಆ ಪುಡಿ ಉದುರಿ ಹೊಟ್ಟೆಯೊಳಗೆ ಬಿದ್ದು, ದೇಹ ಅದರ ಸುತ್ತ ಗಂಟು ಕಟ್ಟಿ, ಅಂಗಗಳು ಅಂಟಿಕೊಳ್ತಿದ್ವು. ಸರಿ, ದೇಹದಲ್ಲಿ ಕರಗೋದನ್ನೇ ಹಾಕೋಣ ಅಂತ 1940ರ ದಶಕದ ಕೊನೆಗೆ ಮೆಕ್ಕೆಜೋಳದ ಪಿಷ್ಟ ಬಂತು. ಅದೂ ಅಂಟು ಮಾಡ್ತು. 1971ರಲ್ಲಿ ಅಮೆರಿಕದ ಎಫ್‌ಡಿಎ, ಬಳಸೋ ಮುಂಚೆ ಪುಡಿ ಒರೆಸಿ ಅಂತ ಎಚ್ಚರಿಕೆ ಹಾಕಿಸಿತು. ಪೂರ್ತಿ ನಿಷೇಧ ಜಾರಿಗೆ ಬಂದಿದ್ದು 2017ರ ಜನವರಿಯಲ್ಲಿ. ಆಗ ನಾವು ಶಾಲೆಯಲ್ಲಿದ್ವಿ!

6/7
ಇಷ್ಟು ತಡ ಯಾಕೆ? ನಾನು ಬಿಕಾಂ, ನನಗೆ ಅಕೌಂಟ್ಸ್ ಭಾಷೆಯಲ್ಲೇ ಅರ್ಥವಾಗೋದು. ಲಾಭ ಇವತ್ತಿನ ಪುಸ್ತಕದಲ್ಲಿ, ನಷ್ಟ ಹತ್ತು ವರ್ಷ ಆದ್ಮೇಲೆ ಬೇರೆಯವರ ಪುಸ್ತಕದಲ್ಲಿ. ರೋಗಿ ಗುಣವಾಗಿ ಮನೆಗೆ ಹೋದಳು, ಆಪರೇಷನ್ ಸಕ್ಸಸ್. ಅವಳ ಹೊಟ್ಟೆನೋವು ಇನ್ಯಾವುದೋ ಊರಲ್ಲಿ, ಇನ್ಯಾವುದೋ ಡಾಕ್ಟರ್ ಮುಂದೆ. ಎರಡೂ ಪುಸ್ತಕ ಕೂಡಿಸಿ ನೋಡಿದವರು ಕಡಿಮೆ.

ಹಾಗೆ ನೋಡಿದವರಲ್ಲಿ ಒಬ್ಬರು ಬ್ರಿಟನ್ನಿನ ಹೆರಾಲ್ಡ್ ಎಲ್ಲಿಸ್. 1962ರಲ್ಲೇ ಅವರು ಹೇಳಿದ್ದು: ಪೊರೆಯ ಗಾಯವನ್ನ ಅಚ್ಚುಕಟ್ಟಾಗಿ ಬಿಗಿದು ಹೊಲಿಯೋದಕ್ಕಿಂತ ಹಾಗೇ ಬಿಟ್ರೆ ಎಷ್ಟೋ ಸಲ ಚೆನ್ನಾಗಿ ಮಾಯುತ್ತೆ. ಬಿಗಿದ ಹೊಲಿಗೆ ರಕ್ತ ತಡೆಯುತ್ತೆ, ಅಲ್ಲೇ ಅಂಟು ಹುಟ್ಟುತ್ತೆ. 1999ರಲ್ಲಿ ಅವರ ತಂಡ ಸ್ಕಾಟ್‌ಲೆಂಡಿನ ಲೆಕ್ಕ ತೆಗೀತು. 1986ರಲ್ಲಿ ಹೊಟ್ಟೆ ಅಥವಾ ಕಿಬ್ಬೊಟ್ಟೆ ಕೊಯ್ದು ಆಪರೇಷನ್ ಆದ 29,790 ಜನರಲ್ಲಿ ಸುಮಾರು ಮೂರರಲ್ಲಿ ಒಬ್ಬರು, ಅಂಟಿಗೆ ಸಂಬಂಧಪಟ್ಟ ಅಥವಾ ಪಟ್ಟಿರಬಹುದಾದ ಕಾರಣಕ್ಕೆ ಹತ್ತು ವರ್ಷದೊಳಗೆ ಮತ್ತೆ ಆಸ್ಪತ್ರೆ ಸೇರಿದ್ರು.

7/7
ಇವತ್ತು ಏನು ಮಾಡ್ತಾರೆ? ಆದಷ್ಟು ಕಡಿಮೆ ಕಡೆ ಕೊಯ್ಯೋದು, ರಕ್ತ ಪೂರ್ತಿ ನಿಲ್ಲಿಸೋದು, ಅಂಗಾಂಶ ಒಣಗದ ಹಾಗೆ ನೋಡಿಕೊಳ್ಳೋದು, ಸಣ್ಣ ದಾರ, ಆಗೋ ಕಡೆ ಲ್ಯಾಪರೊಸ್ಕೋಪಿ. ಜೊತೆಗೆ ಹೊಲಿಗೆ ಮೇಲೆ ಹೊದಿಸೋ ತೆಳು ಪೊರೆಗಳಿವೆ. ಸೆಲ್ಯುಲೋಸಿನಿಂದ ಮಾಡಿದ ಇಂಥದ್ದೊಂದಕ್ಕೆ ಅಮೆರಿಕದಲ್ಲಿ 1989ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಹಸಿ ಬಣ್ಣದ ಕಿಟಕಿಗೂ ಚೌಕಟ್ಟಿಗೂ ಮಧ್ಯೆ ಪೇಪರ್ ಇಟ್ಟ ಹಾಗೆ. ಗಾಯ ಮಾಯೋವರೆಗೆ ಇದ್ದು ಆಮೇಲೆ ತಾನೇ ಕರಗುತ್ತೆ. ಆದ್ರೆ ಅಡಿಯಲ್ಲಿ ರಕ್ತ ಒಸರುತ್ತಿದ್ರೆ ಕೆಲಸ ಮಾಡಲ್ಲ. ಅಂಟು ಕಡಿಮೆ ಮಾಡುತ್ತೆ, ಸೊನ್ನೆ ಮಾಡಲ್ಲ. ಇದರಿಂದ ಗರ್ಭ ನಿಲ್ಲೋದು ಹೆಚ್ಚುತ್ತೆ ಅನ್ನೋಕೆ ಗಟ್ಟಿ ಪುರಾವೆಯೂ ಇಲ್ಲ.

ಅಕ್ಕ ಮುಂದಿನ ವಾರ ಡಾಕ್ಟರ್ ಹತ್ರ ಹೋಗ್ತಿದ್ದಾಳೆ. ಚೀಟಿಯಲ್ಲಿ ಮೂರು ಪ್ರಶ್ನೆ ಬರ್ಕೊಂಡಿದ್ದಾಳೆ: ನನಗೆ ಆಪರೇಷನ್ ಬೇಕೇ ಬೇಕಾ? ಎಲ್ಲಿ ಕೊಯ್ತೀರಿ? ಅಂಟು ಆಗದ ಹಾಗೆ ಏನು ಮಾಡ್ತೀರಿ?

"ಇಷ್ಟೆಲ್ಲ ಕೇಳಿದ್ರೆ ಡಾಕ್ಟರ್ ಬೇಜಾರ್ ಮಾಡ್ಕೊಳ್ಳಲ್ವಾ?" ಅಂದ್ರು ದೊಡ್ಡಮ್ಮ.

"ಹೊಟ್ಟೆ ನಂದಲ್ವಾ ಅಮ್ಮಾ" ಅಂದಳು ಅಕ್ಕ.

ನಿಮ್ಮ ಮನೆಯಲ್ಲೂ ಯಾರಿಗಾದ್ರೂ ಈ ಚೀಟಿ ಬೇಕಾಗಬಹುದು. ಸೇವ್ ಮಾಡ್ಕೊಳ್ಳಿ, ಅಮ್ಮನಿಗೂ ಓದಿ ಹೇಳಿ.

#ಇತಿಹಾಸ #ಫೈಬ್ರಾಯ್ಡ್ #ಕನ್ನಡದಲ್ಲಿ_ಓದು